ಹನ್ನಳು ಹೊಲಿದ ಪುಟ್ಟ ಅಂಗಿ



ಪವಿತ್ರ ಬೈಬಲಿನಲ್ಲಿ ಹುಟ್ಟುಹಬ್ಬದ ಆಚರಣೆಗಳನ್ನು ಹುಡುಕುತ್ತಾ ಹೋದರೆ ಸ್ಪಷ್ಟವಾಗಿ ಸಿಗುವುದು ಮೂರೇ ಮೂರು. ಮೂರೂ ಅರಸರ ಹುಟ್ಟುಹಬ್ಬಗಳು, ಮೂರರಲ್ಲೂ ಕೆಟ್ಟ ಸುದ್ದಿಯೇ. ಈಜಿಪ್ಟಿನ ಫರೋಹನು ಹುಟ್ಟಿದ ದಿನದ ಔತಣ ಮಾಡಿಸಿ, ಅದೇ ದಿನ ತನ್ನ ರೊಟ್ಟಿಗಾರರ ಮುಖ್ಯಸ್ಥನನ್ನು ಗಲ್ಲಿಗೇರಿಸಿದ. ಅಂತಿಯೋಕ ಅರಸನ ಜನ್ಮದಿನವನ್ನು ತಿಂಗಳು ತಿಂಗಳೂ ಆಚರಿಸುತ್ತಿದ್ದರೆಂದೂ, ಆ ದಿನ ಯೆಹೂದ್ಯರನ್ನು ಬಲವಂತವಾಗಿ ಅನ್ಯದೇವರ ಬಲಿಯೂಟಕ್ಕೆ ಎಳೆದೊಯ್ಯುತ್ತಿದ್ದರೆಂದೂ ಮಕ್ಕಬಿಯರ ಎರಡನೆಯ ಗ್ರಂಥ ತಿಳಿಸುತ್ತದೆ. ಮೂರನೆಯದು ನಮಗೆಲ್ಲ ಗೊತ್ತಿರುವ ಹೆರೋದನ ಔತಣ. ಕುಣಿದ ಹುಡುಗಿಗೆ ಅರ್ಧ ರಾಜ್ಯದವರೆಗೂ ಕೊಡುತ್ತೇನೆಂದು ಆತ ಆಣೆಯಿಟ್ಟ. ಆಕೆ ಸ್ನಾನಿಕ ಯೊವಾನ್ನರ ತಲೆಯನ್ನು ಕೇಳಿದಾಗ ಅರಸನಿಗೆ ದುಃಖವಾಯಿತು. ಆದರೂ ಇಲ್ಲವೆನ್ನಲಿಲ್ಲ. ಯಾಕೆ? ಆಣೆಯಿಟ್ಟಾಗಿತ್ತು, ಅತಿಥಿಗಳು ಎದುರಿಗೆ ಕುಳಿತಿದ್ದರು ಎನ್ನುತ್ತಾರೆ ಸಂತ ಮಾರ್ಕ.

3ನೇ ಶತಮಾನದ ಪಂಡಿತ ಓರಿಜನ್ ಇದನ್ನೆಲ್ಲ ಗಮನಿಸಿ, ಹುಟ್ಟುಹಬ್ಬ ಆಚರಿಸುವುದು ಪಾಪಿಗಳ ಕೆಲಸ ಎನ್ನುವವರೆಗೂ ಹೋದರು. ಶ್ರೀಸಭೆ ಅಷ್ಟು ದೂರ ಹೋಗಲಿಲ್ಲ. ಸಂತರನ್ನು ಸಾಮಾನ್ಯವಾಗಿ ಅವರು ಮರಣ ಹೊಂದಿದ ದಿನ, ಅಂದರೆ ಸ್ವರ್ಗದಲ್ಲಿ ಹುಟ್ಟಿದ ದಿನ ಸ್ಮರಿಸುತ್ತೇವೆ ನಿಜ. ಆದರೆ ಮೂವರ ಹುಟ್ಟನ್ನು ಮಾತ್ರ ಹಬ್ಬವಾಗಿ ಕೊಂಡಾಡುತ್ತೇವೆ: ಡಿಸೆಂಬರ್ 25ರಂದು ಪ್ರಭು ಯೇಸುವಿನದು, ಜೂನ್ 24ರಂದು ಸ್ನಾನಿಕ ಯೊವಾನ್ನರದು, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರದು. ಆದ್ದರಿಂದ ಮಗುವಿನ ಹುಟ್ಟುಹಬ್ಬ ಮಾಡಬೇಡಿ ಎಂದು ಹೇಳಲು ನಾನು ಹೊರಟಿಲ್ಲ. ಮಾಡಿ. ಪೂಜೆಗೆ ಬನ್ನಿ, ಮಗುವಿನ ಹಣೆಗೆ ಶಿಲುಬೆಯ ಗುರುತು ಹಾಕಿಸಿಕೊಳ್ಳಿ, ಸಂಜೆ ಪಾಯಸ ಮಾಡಿ. ನನ್ನ ಚಿಂತೆ ಹೆರೋದನ ಅತಿಥಿಗಳದು. ಅವರು ಈಗ ನಮ್ಮ ಮನೆಗಳಿಗೂ ಬರುತ್ತಿದ್ದಾರೆ.

ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಹಾಲ್ ಹಿಡಿದು, ಬಲೂನಿನ ಕಮಾನು ಕಟ್ಟಿಸಿ, ಮೂರು ಅಂತಸ್ತಿನ ಕೇಕ್ ತರಿಸಿ, ಆ ಖರ್ಚಿಗೆ ಸಂಘದಲ್ಲಿ ಸಾಲ ಎತ್ತಿದ ಕುಟುಂಬಗಳನ್ನು ಬಲ್ಲೆ. ಮಗು ಅರ್ಧ ಹೊತ್ತು ನಿದ್ದೆಯಲ್ಲಿರುತ್ತದೆ. ಕಂತು ಕಟ್ಟುವುದು ಮಾತ್ರ ಮುಂದಿನ ಹುಟ್ಟುಹಬ್ಬ ಬಂದರೂ ಮುಗಿದಿರುವುದಿಲ್ಲ. ಕೇಳಿದರೆ ಉತ್ತರ ಒಂದೇ: “ಬಂದವರ ಮುಂದೆ ಮರ್ಯಾದೆ ಹೋಗಬಾರದಲ್ಲ ಫಾದರ್.”

ಕರೆಯುವವರ ಕಷ್ಟ ಇದಾದರೆ, ಕರೆಸಿಕೊಂಡವರದು ಇನ್ನೊಂದು. ಕೂಲಿಗೆ ಹೋಗುವ ತಾಯಿಯೊಬ್ಬರು ಒಂದು ಶನಿವಾರ ಹೇಳಿದ ಮಾತು ನನ್ನಲ್ಲೇ ಉಳಿದಿದೆ. “ಫಾದರ್, ನನ್ನ ಮಗ ಯಾವ ಬರ್ತ್‌ಡೇಗೆ ಕರೆದರೂ ಆ ದಿನ ಹೊಟ್ಟೆನೋವು ಅಂತ ಮಲಗಿಬಿಡ್ತಾನೆ. ಡಾಕ್ಟರ್ ಹತ್ರ ಕರ್ಕೊಂಡು ಹೋದೆ, ಏನೂ ಇಲ್ಲ ಅಂದ್ರು. ಆಮೇಲೆ ಅವನೇ ಹೇಳಿದ, ಹೋದ ಸಲ ಎಲ್ಲರ ಮುಂದೆ ಗಿಫ್ಟ್ ಬಿಚ್ಚಿದ್ರಂತೆ, ಇವನದ್ದು ಪೆನ್ಸಿಲ್ ಡಬ್ಬಿ.” ಆ ಹುಡುಗ ಓದುವುದು ನಾಲ್ಕನೇ ತರಗತಿಯಲ್ಲಿ. ಒಂಬತ್ತು ವರ್ಷಕ್ಕೇ ಅವನು ತನ್ನ ಸ್ನೇಹಕ್ಕೊಂದು ಬೆಲೆ ಕಟ್ಟಿ, ಅದು ಸಾಲದೆಂದು ತೀರ್ಮಾನಿಸಿಬಿಟ್ಟಿದ್ದಾನೆ.

ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಎಂಬ ಪದ್ಧತಿಯುಂಟು. ಮದುವೆಯ ಚಪ್ಪರದಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತಿರುತ್ತಾರೆ. ಯಾರು ಎಷ್ಟು ಹಾಕಿದರು ಎಂದು ಬರೆದಿಡುತ್ತಾರೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಅಷ್ಟನ್ನಾದರೂ ಹಿಂದಿರುಗಿಸಬೇಕು. ಇದನ್ನು ಹಗುರವಾಗಿ ಕಾಣಬೇಡಿ. ಬ್ಯಾಂಕುಗಳಿಲ್ಲದ ಕಾಲದಲ್ಲಿ ಬಡವನ ಮಗಳ ಮದುವೆಯನ್ನು ಊರೇ ಹೊತ್ತು ನಡೆಸಿದ್ದು ಈ ಮುಯ್ಯಿಯಿಂದಲೇ. ಆದರೆ ಅದು ದೊಡ್ಡವರ ಲೆಕ್ಕ. ಬಾಯಿ ಬಿಟ್ಟು ಹೇಳಿಯೇ ಮಾಡಿಕೊಂಡ ಒಪ್ಪಂದ. ಹುಟ್ಟುಹಬ್ಬದ ಉಡುಗೊರೆಗೂ ಆ ಪುಸ್ತಕವನ್ನು ತಂದಾಗಲೇ ತೊಂದರೆ. “ಅವರು ನಮ್ಮ ಪಾಪುಗೆ ಐನೂರರ ಡ್ರೆಸ್ ಕೊಟ್ಟಿದ್ದರು, ನಾವು ಇನ್ನೂರರದ್ದು ಕೊಟ್ಟರೆ ಹೇಗೆ?” ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುವುದಿಲ್ಲ!

ಸಂತ ಥಾಮಸ್ ಅಕ್ವಿನಾಸರು ಕೊಡುಗೆ ಎಂದರೇನು ಎಂದು ಕೇಳಿಕೊಂಡು ಕೊಡುವ ಉತ್ತರ ಸರಳವಾಗಿದೆ. ಹಿಂದಿರುಗಿ ಬರಲಿ ಎಂಬ ಉದ್ದೇಶವಿಲ್ಲದೆ ಕೊಡುವುದೇ ನಿಜವಾದ ಕೊಡುಗೆ. ಹಾಗೆ ಕೊಡಲು ಕಾರಣ ಪ್ರೀತಿ. ಆದ್ದರಿಂದ ನಾವು ಯಾರಿಗೇ ಏನೇ ಕೊಟ್ಟರೂ ಮೊದಲು ಕೊಟ್ಟಿರುವುದು ಪ್ರೀತಿಯನ್ನೇ, ವಸ್ತು ಅದರ ಹಿಂದೆ ಬರುವುದು. ಪವಿತ್ರಾತ್ಮರಿಗೆ ‘ಕೊಡುಗೆ’ ಎಂಬ ಹೆಸರು ಸಲ್ಲುತ್ತದೆ ಎಂದು ಅವರು ವಾದಿಸುವುದು ಇದೇ ಆಧಾರದ ಮೇಲೆ. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗಾಗಿ ಓದಿದೆವು. ಇದರ ಅರ್ಥ ತಿಳಿಯಬೇಕಾದರೆ ಧರ್ಮಕೇಂದ್ರದ ಮನೆಗಳನ್ನು ಹತ್ತಿಳಿಯಬೇಕು.

ಇನ್ನು ಹನ್ನಳ ವಿಷಯಕ್ಕೆ ಬರುತ್ತೇನೆ. ಹರಕೆ ಹೊತ್ತು ಪಡೆದ ಮಗ ಸಮುವೇಲನನ್ನು ಆಕೆ ಹಾಲು ಬಿಡಿಸಿದ ಮೇಲೆ ಶಿಲೋವಿನ ದೇವಾಲಯದಲ್ಲಿ ಯಾಜಕ ಏಲಿಯ ಬಳಿ ಬಿಟ್ಟು ಬಂದಳು. ಅನಂತರ ಪ್ರತಿವರ್ಷ ಗಂಡ ಎಲ್ಕಾನನೊಂದಿಗೆ ಬಲಿಯರ್ಪಣೆಗೆ ಹೋಗುವಾಗ ಮಗನಿಗೊಂದು ಪುಟ್ಟ ಅಂಗಿಯನ್ನು ಮಾಡಿಕೊಂಡು ಹೋಗುತ್ತಿದ್ದಳು. ಸಮುವೇಲನ ಮೊದಲ ಗ್ರಂಥದ 2ನೇ ಅಧ್ಯಾಯದಲ್ಲಿ ಇದು ಒಂದೇ ಒಂದು ವಾಕ್ಯ. ಓದುತ್ತಾ ಹೋಗುವಾಗ ಗಮನಕ್ಕೆ ಬಾರದೆಯೇ ಹಾದುಹೋಗುತ್ತದೆ.

ಹೊಲಿಗೆ ಬಲ್ಲ ತಾಯಂದಿರು ಈ ವಾಕ್ಯವನ್ನು ಇನ್ನೊಮ್ಮೆ ಓದಲಿ. ಮಗು ಕಣ್ಣೆದುರಿಗಿಲ್ಲ. ಅಳತೆ ತೆಗೆದುಕೊಳ್ಳುವಂತಿಲ್ಲ. ಕಳೆದ ವರ್ಷ ನೋಡಿದಾಗ ಭುಜ ಇಷ್ಟಿತ್ತು, ಈಗ ಎಷ್ಟಾಗಿರಬಹುದು? ತೋಳು ಗಿಡ್ಡವಾದರೆ? ಉದ್ದವಾಗಿ ಎಡವಿದರೆ? ನೇಯುವಾಗ, ಕತ್ತರಿಸುವಾಗ, ಪ್ರತಿಯೊಂದು ಹೊಲಿಗೆ ಹಾಕುವಾಗಲೂ ಆಕೆ ಆ ಮಗುವಿನ ಮೈಯನ್ನು ಮನಸ್ಸಿನಲ್ಲಿ ಮುಟ್ಟಿ ನೋಡಿರಬೇಕು. ಅಂಗಡಿಯಿಂದ ತಂದ ಉಡುಗೊರೆಗೆ ಹತ್ತು ನಿಮಿಷ ಯೋಚಿಸಿದರೆ ಸಾಕು. ಕೈಯಾರೆ ಮಾಡುವಾಗ ಅದನ್ನು ಪಡೆಯಲಿರುವ ಮಗು ಗಂಟೆಗಟ್ಟಲೆ ನಮ್ಮ ಪಕ್ಕದಲ್ಲೇ ಕುಳಿತಿರುತ್ತದೆ. ಆ ಗಂಟೆಗಳನ್ನು ಮುಯ್ಯಿಯ ಪುಸ್ತಕದಲ್ಲಿ ಯಾವ ಕಲಮಿನಲ್ಲಿ ಬರೆಯುತ್ತೀರಿ?

ಇಂಥ ಅಂಗಿ ಹೊಲಿಯುವವರು ನಮ್ಮ ನಾಡಿನಲ್ಲೂ ಇದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಸಮುದಾಯದವರಿದ್ದಾರೆ. ಆಫ್ರಿಕಾದಿಂದ ಬಂದ ಪೂರ್ವಿಕರ ಈ ಮಕ್ಕಳಲ್ಲಿ ಹಿಂದೂಗಳೂ ಮುಸಲ್ಮಾನರೂ ನಮ್ಮ ಕಥೋಲಿಕರೂ ಇದ್ದಾರೆ. ಅಲ್ಲಿನ ಹೆಂಗಸರು ಹರಿದ ಸೀರೆ, ಹಳೆಯ ಅಂಗಿಗಳ ತುಂಡುಗಳನ್ನು ಜೋಡಿಸಿ ಕವಂದಿ ಹೊಲಿಯುತ್ತಾರೆ. ಬಯಲುಸೀಮೆಯ ಕೌದಿಯ ಅಕ್ಕತಂಗಿ ಎನ್ನಿ. ಅಡಿಯಲ್ಲಿ ಹಳೆಯ ಸೀರೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಸುತ್ತ ತುಂಡುಗಳನ್ನಿಟ್ಟು ಹೊಲಿಯುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಎಳೆಯ ಮಕ್ಕಳಿಗಾಗಿ ಚಿಕ್ಕ ಕವಂದಿಗಳೇ ಬೇರೆ. ಕಥೋಲಿಕ ತಾಯಂದಿರು ಕೆಲವೊಮ್ಮೆ ಬಟ್ಟೆಯ ತುಂಡಿನಲ್ಲೇ ಶಿಲುಬೆ ಕತ್ತರಿಸಿ ಸೇರಿಸುತ್ತಾರೆ. ಕೊನೆಯಲ್ಲಿ ನಾಲ್ಕೂ ಮೂಲೆಗಳಿಗೆ ‘ಫೂಲ’, ಅಂದರೆ ಹೂವು ಎಂದು ಕರೆಯುವ ಮಡಚಿದ ಬಟ್ಟೆಯ ತ್ರಿಕೋನಗಳು. ಅವಿಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಉಟ್ಟು ಸವೆದ ಬಟ್ಟೆಯಿಂದ ಮಾಡಿದ ಹೊದಿಕೆಗೂ ಹೂವಿಲ್ಲದೆ ಆಗದು! ಅಜ್ಜಿಯ ಸೀರೆ, ಅಪ್ಪನ ಅಂಗಿ, ಚಿಕ್ಕಮ್ಮನ ಲಂಗ ಎಲ್ಲವನ್ನೂ ಹೊದ್ದು ಮಲಗುವ ಆ ಮಗುವಿನ ಭಾಗ್ಯ ನೋಡಿ.

ಎಲ್ಲರೂ ಕವಂದಿ ಹೊಲಿಯಬೇಕೆಂದಲ್ಲ. ನಮ್ಮ ಮಕ್ಕಳ ಬೆರಳುಗಳಿಗೆ ಈಗಾಗಲೇ ಒಂದು ವಿದ್ಯೆ ಗೊತ್ತಿದೆ. ಗರಿಗಳ ಭಾನುವಾರ ಕೈಗೆ ಗರಿ ಸಿಕ್ಕಿದ್ದೇ ತಡ, ಪ್ರಸಂಗ ಮುಗಿಯುವಷ್ಟರಲ್ಲಿ ಶಿಲುಬೆ ಹೆಣೆದಿರುತ್ತಾರೆ. (ಪ್ರಸಂಗ ಉದ್ದವಾದ ವರ್ಷ ಎರಡೆರಡು!) ಅದೇ ಬೆರಳಿಗೆ ತೆಂಗಿನ ಗರಿ ಕೊಡಿ. ಎರಡು ಗರಿಗಳನ್ನು ಒಂದರೊಳಗೊಂದು ಮಡಚಿ ಸಿಕ್ಕಿಸಿ ನಡುವೆ ತೆಂಗಿನ ಕಡ್ಡಿ ಚುಚ್ಚಿದರೆ ಗಿರಗಿಟ್ಲೆ. ಸುರುಳಿ ಸುತ್ತಿದರೆ ಪೀಪಿ. ಕೈಗೆ ಕಟ್ಟುವ ವಾಚು, ಹಾವು, ಚೆಂಡು, ಇವೆಲ್ಲ ಅಜ್ಜಂದಿರಿಗೆ ಗೊತ್ತು. ಆದರೆ ಅವರನ್ನು ಯಾರೂ ಕೇಳುತ್ತಿಲ್ಲ. ಹುಟ್ಟುಹಬ್ಬದ ಸಂಜೆ ಅಂಗಳದಲ್ಲಿ ತಾತನನ್ನು ಕೂರಿಸಿ, ಬಂದ ಮಕ್ಕಳೆಲ್ಲ ಒಂದೊಂದು ಗಿರಗಿಟ್ಲೆ ಮಾಡಿಕೊಂಡು ಹೋಗಲಿ. ಆಟವೂ ಆಯಿತು, ಹೋಗುವಾಗ ಕೈಗೆ ಕೊಡುವ ಉಡುಗೊರೆಯೂ ಆಯಿತು, ತಾತನಿಗೂ ಹಬ್ಬವಾಯಿತು.

ಅಲಂಕಾರಕ್ಕೆ ಅಂಗಡಿಯ ಅಂಟು ಬೇಡ. ಎರಡು ಚಮಚ ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೋಟ ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಗಂಜಿಯಂತೆ ಗಟ್ಟಿಯಾಗುತ್ತದೆ. ಆರಿದ ಮೇಲೆ ಬಳಸಿ. ಬೇಗ ಹಳಸುವುದರಿಂದ ಆಯಾ ದಿನವೇ ಮಾಡಿಕೊಳ್ಳಿ. ಹಳೆಯ ವಾರಪತ್ರಿಕೆಯ ಬಣ್ಣದ ಪುಟಗಳನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಬಳೆಯಂತೆ ಅಂಟಿಸುತ್ತಾ ಒಂದರೊಳಗೊಂದು ಪೋಣಿಸಿದರೆ ಕೋಣೆಗೆಲ್ಲ ಸಾಕಾಗುವಷ್ಟು ಸರಪಳಿ. (ಈ ಪುಟವನ್ನು ಓದಿದ ಮೇಲೆ ಕತ್ತರಿಸಿದರೆ ಸಂಪಾದಕರೇನೂ ಬೇಸರಿಸರು.) ದಿನಪತ್ರಿಕೆಯ ಹಾಳೆಯನ್ನು ನಡುವೆ ಮಡಚಿ, ಮಡಿಕೆಯ ಕಡೆಯ ಎರಡು ಮೂಲೆಗಳನ್ನು ನಡುವಿಗೆ ತಂದು, ಉಳಿದ ಕೆಳಅಂಚನ್ನು ಎರಡೂ ಕಡೆ ಮೇಲೆ ಮಡಚಿದರೆ ಟೋಪಿ. ಕ್ರಿಸ್ಮಸ್ಸಿಗೆ ಗೋದಲಿ ಕಟ್ಟಿ, ಬಿದಿರ ಕಡ್ಡಿಯ ನಕ್ಷತ್ರ ಮಾಡುವ ಮನೆಗಳಿಗೆ ಇದೇನು ಮಹಾ ಕೆಲಸ? ಇನ್ನೊಂದು ಮಾತು. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೊಕೋಲ್, ಪ್ಲಾಸ್ಟಿಕ್ ತಟ್ಟೆ ಲೋಟಗಳೆಲ್ಲ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿವೆ. ಆದರೂ ನಮ್ಮ ಸಭಾಭವನಗಳ ಹಿಂದಿನ ತಿಪ್ಪೆ ಬೇರೆಯದೇ ಕಥೆ ಹೇಳುತ್ತದೆ. ಅಡಿಕೆ ಹಾಳೆಯ ತಟ್ಟೆ ಇರುವ ನಾಡಿದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪಕ್ಕದ ಮನೆಯ ಬಡ ಮಗುವಿಗೆ ಶಾಲೆಯ ಚೀಲ ಬೇಕಾಗಿರುವಾಗ, ಕೊಡುವ ಶಕ್ತಿ ಇದ್ದವರು ಕಾಗದದ ಹೂವು ಕೊಟ್ಟು ಜಾರಿಕೊಂಡರೆ ಅದು ಜಿಪುಣತನವೇ. ದಾವೀದನು ಅರೌನನ ಕಣವನ್ನು ಪುಕ್ಕಟೆಯಾಗಿ ಪಡೆಯಲು ಒಪ್ಪದೆ ಹಣ ಕೊಟ್ಟೇ ಕೊಂಡ. ತನಗೇನೂ ಖರ್ಚಿಲ್ಲದ ಬಲಿಯನ್ನು ದೇವರಿಗೆ ಅರ್ಪಿಸಲು ಆತನಿಗೆ ಮನಸ್ಸಾಗಲಿಲ್ಲ. ಹಣವಿದ್ದವರು ಹಣ ಕೊಡಲಿ, ಹೊತ್ತಿದ್ದವರು ಹೊತ್ತು ಕೊಡಲಿ. ಎರಡೂ ಇದ್ದವರಿಗೆ ನಾನು ಹೇಳಬೇಕಾಗಿಲ್ಲ.

ಹಾಗೆಯೇ ಕರೆಯುವ ಮನೆಯವರಲ್ಲಿ ನನ್ನದೊಂದು ಬೇಡಿಕೆ. ಉಡುಗೊರೆಗಳನ್ನು ಎಲ್ಲರೆದುರು ಬಿಚ್ಚಬೇಡಿ. ಕರೆಯುವಾಗಲೇ, “ಏನೂ ತರಬೇಡ ಕಂದಾ, ತರಬೇಕೆನಿಸಿದರೆ ನೀನೇ ಮಾಡಿದ್ದನ್ನು ತಾ” ಎಂದು ಮಗುವಿಗೆ ಹೇಳಿ. ತಾಯಿಗೆ ಹೇಳಿದರೆ ಸಾಲದು, ಮಗುವಿಗೇ ಹೇಳಬೇಕು. ಹೊಟ್ಟೆನೋವು ಬರುವುದು ಅವನಿಗೆ.

ಕರಾವಳಿಯಲ್ಲಿ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಮುಂಚೆ, ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲಮರಿಯ ಮುಂದೆ ಎರಚುತ್ತಾರೆ. ಹಬ್ಬದ ದಿನ ಹೊಸ ತೆನೆಯ ಆಶೀರ್ವಾದ, ಮನೆಯಲ್ಲಿ ಎಲ್ಲರೂ ಸೇರಿ ಊಟ. ಎಂಜಿನಿಯರರ ಮಗಳ ಬುಟ್ಟಿಯಲ್ಲೂ ಬೇಲಿಯ ದಾಸವಾಳ, ಕೂಲಿಯವರ ಮಗನ ಬುಟ್ಟಿಯಲ್ಲೂ ಬೇಲಿಯ ದಾಸವಾಳ. ಎರಚಿದ ಮೇಲೆ ಯಾವುದು ಯಾರದೆಂದು ಯಾರಿಗೂ ತಿಳಿಯದು.

ಈ ಸಲದ ಉಡುಗೊರೆಗೆ ಏನು ಮಾಡಲಿ ಎಂದು ಕೇಳುವ ಮಕ್ಕಳಿಗೆ ನನ್ನ ಸಲಹೆ ಇಷ್ಟು. ಖಾಲಿ ಬೆಂಕಿಪೊಟ್ಟಣಕ್ಕೆ ಬಣ್ಣದ ಕಾಗದ ಅಂಟಿಸಿ. ಒಳಗೆ ಕರ್ಣಕುಂಡಲದ ಬೀಜ ತುಂಬಿ. ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು, ಪಟ್ಟನೆ ಸಿಡಿದು ಬೀಜ ಹಾರುತ್ತದೆ, ಆದ್ದರಿಂದ ಅಂಗೈ ಮುಚ್ಚಿ ಹಿಡಿದು ಬಿಡಿಸಬೇಕು. ಮೇಲೆ ಗೆಳೆಯನ ಹೆಸರು ಬರೆಯಿರಿ. ಜೂನ್ ಕೊನೆಯ ಮಳೆಗೆ ಬಿತ್ತಿದರೆ ಸುಮಾರು ಎರಡು ತಿಂಗಳಿಗೆ ಹೂ ಬಿಡುತ್ತದೆ. ನೊವೇನದ ಬುಟ್ಟಿಗೆ ಸರಿಯಾಗಿ ಹೊಂದುತ್ತದೆ.