ಆನೆಯನ್ನು ನೋಡುವವರು, ಆನೆಯೊಡನೆ ಬಾಳುವವರು

ಆಫ್ರಿಕಾಕ್ಕೆ ಹೋಗಿ ಕಾಡುಪ್ರಾಣಿಗಳನ್ನು ಕಂಡುಬರುವುದು ಒಂದು ಕಾಲಕ್ಕೆ ಸಿರಿವಂತರ ಹವ್ಯಾಸವಾಗಿತ್ತು. ಇಂದು ಬೆಂಗಳೂರಿನಲ್ಲಿ ದುಡಿಯುವ ನಮ್ಮ ಮಕ್ಕಳೂ ಅಂತಹ ಪ್ರವಾಸದ ಯೋಜನೆ ಹಾಕುತ್ತಾರೆ. ಕೀನ್ಯಾದ ಮಸಾಯಿ ಮಾರಾದಲ್ಲಿ ವೈಲ್ಡ್‌ಬೀಸ್ಟ್ ಹಿಂಡುಗಳು ನದಿ ದಾಟುವುದನ್ನು ಕಾಣಲು ಜುಲೈಯಿಂದ ಅಕ್ಟೋಬರ್‌ವರೆಗೆ ಸಕಾಲ. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡು ಪ್ರಮಾಣಪತ್ರ ಪಡೆದಿರಬೇಕು. ಮಲೇರಿಯಾ ತಡೆಗೆ ವೈದ್ಯರನ್ನು ಕಾಣಬೇಕು. ಸಿದ್ಧತೆಯ ಈ ಪಟ್ಟಿಯಲ್ಲಿ ಒಂದು ಪ್ರಶ್ನೆ ಮಾತ್ರ ಇರುವುದಿಲ್ಲ. ನಾವು ನೋಡಿ ಹಿಗ್ಗುವ ಪ್ರಾಣಿ ಅಲ್ಲಿ ಬದುಕಿರಲು ಬೆಲೆ ತೆರುತ್ತಿರುವವರು ಯಾರು?

ಈ ಪ್ರಶ್ನೆಯ ತೂಕ ನಮ್ಮ ಸೀಮೆಯವರಿಗೆ ಚೆನ್ನಾಗಿ ಗೊತ್ತು. ಕನಕಪುರದ ದಕ್ಷಿಣದ ಕಾಡುಗಳು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿವೆ. ಆ ಕಡೆಯ ಆನೆಗಳು ರಾಗಿ ತೆನೆಗಟ್ಟುವ ಹೊತ್ತಿಗೆ ಹೊಲಗಳಿಗೆ ನುಗ್ಗುತ್ತವೆ. ಚನ್ನಪಟ್ಟಣದ ತೋಟಗಳನ್ನೂ ಬಿಡುವುದಿಲ್ಲ. ಚನ್ನಪಟ್ಟಣದ ಕುಶಲಕರ್ಮಿ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಆನೆ ಮಗುವಿನ ಕೈಯಲ್ಲಿ ಆಟಿಕೆ. ಅದೇ ತಾಲ್ಲೂಕಿನ ರೈತನ ಹೊಲದಲ್ಲಿ ನಡುರಾತ್ರಿ ನಿಂತ ಆನೆ ಆಟಿಕೆಯಲ್ಲ. ಒಂದು ರಾತ್ರಿಯಲ್ಲಿ ವರುಷದ ದುಡಿಮೆ ಮಣ್ಣುಪಾಲಾಗುತ್ತದೆ. ಒಮ್ಮೊಮ್ಮೆ ಪ್ರಾಣವೇ ಹೋಗುತ್ತದೆ. ಬೆಳೆಗೆ ಸರ್ಕಾರ ಪರಿಹಾರ ಕೊಟ್ಟೀತು. ನಿದ್ದೆಗೆಟ್ಟ ರಾತ್ರಿಗಳಿಗೆ ಪರಿಹಾರವೆಲ್ಲಿ?

ಆಫ್ರಿಕಾದ ಕಥೆಯೂ ಇದೇ. ಇಂದಿನ ಟಾಂಜಾನಿಯಾದ ಸೆರೆಂಗೆಟಿಯಲ್ಲಿ ದನ ಮೇಯಿಸಿಕೊಂಡಿದ್ದ ಮಸಾಯಿ ಜನರನ್ನು 1959ರಲ್ಲಿ ಅಲ್ಲಿಂದ ತೆರವುಗೊಳಿಸಿ ಗೊರೊಂಗೊರೊ ಪ್ರದೇಶಕ್ಕೆ ಕಳುಹಿಸಲಾಯಿತು. ಪ್ರವಾಸಿಗೆ ಬರಿದಾಗಿ ಕಾಣುವ ಆ ಬಯಲು ಒಂದು ಜನಾಂಗದ ಮನೆಯಾಗಿತ್ತು.

ಹಾಗಾದರೆ ಪ್ರಾಣಿಗಳೇ ಬೇಡವೆನ್ನೋಣವೇ? ಯೋಬನ ಗ್ರಂಥ ಹಾಗೆನ್ನಲು ಬಿಡದು. ನೊಂದ ಯೋಬನಿಗೆ ದೇವರು ತೋರಿಸುವುದು ಕಾಡುಕತ್ತೆಯನ್ನು, ಉಷ್ಟ್ರಪಕ್ಷಿಯನ್ನು, ಹದ್ದನ್ನು. ಮನುಷ್ಯನ ಚಾಕರಿ ಮಾಡದ ಜೀವಿಗಳನ್ನು. ನಮ್ಮ ಉಪಯೋಗವೊಂದೇ ಸೃಷ್ಟಿಯ ಅಳತೆಗೋಲಲ್ಲ. ಆ ಅಳತೆಗೋಲನ್ನೇ ನೆಚ್ಚಿದ್ದರ ಫಲ ನಮ್ಮ ರಣಹದ್ದುಗಳಲ್ಲಿ ಕಾಣುತ್ತದೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಸತ್ತ ದನವನ್ನು ತಿಂದ ರಣಹದ್ದುಗಳನ್ನು ದೇಶದೆಲ್ಲೆಡೆ ಕೊಂದಿತು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಅಳಿದುಳಿದವುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಧಾಮವೆಂದು ಘೋಷಿಸಲಾಯಿತು.

ಪ್ರಾಣಿಗೂ ಬದುಕುವ ಹಕ್ಕಿದೆ, ರೈತನಿಗೂ ಇದೆ. ಇವೆರಡೂ ನಿಜವಾಗಿರುವಾಗ ನ್ಯಾಯವು ಕೇಳುವುದು ಇಷ್ಟೇ: ನೋಡುವ ಸಂತೋಷ ಎಲ್ಲರದಾದರೆ, ತೆರುವ ಬೆಲೆ ಬಡವನೊಬ್ಬನದೇ ಆಗಬಾರದು. ಮಸಾಯಿ ಮಾರಾದ ಸುತ್ತ ಮಸಾಯಿ ಕುಟುಂಬಗಳ ಭೂಮಿಯನ್ನು ಗೇಣಿಗೆ ಪಡೆದು ನಡೆಸುವ ಸಂರಕ್ಷಣಾ ವಲಯಗಳಿವೆ. ಹೋಗುವವರು ಅಂತಹ ಕಡೆ ತಂಗಲಿ. ತಮ್ಮ ಹಣ ಯಾರಿಗೆ ತಲುಪುತ್ತದೆಂದು ಮೊದಲೇ ವಿಚಾರಿಸಲಿ. ಹೋಗಲಾರದವರಿಗೂ ಕೆಲಸವಿದೆ. ಆನೆ ತುಳಿದ ಹೊಲದ ಪರಿಹಾರಕ್ಕೆ ಅರ್ಜಿ ಬರೆಯಲು ತಿಳಿಯದೆ ಕಚೇರಿಗೆ ಅಲೆಯುವ ರೈತ ನಮ್ಮ ನೆರೆಯಲ್ಲಿರಬಹುದು. ಓದುಬರಹ ಬಲ್ಲ ನಾವು ಅವನಿಗಾಗಿ ಅರ್ಧ ದಿನ ಕೊಟ್ಟರೆ, ಆನೆಯ ಬದುಕಿಗೂ ಅಷ್ಟು ಕೊಟ್ಟಂತೆಯೇ. ನೆರವು ಸಿಕ್ಕ ರೈತ ಬೇಲಿಗೆ ಕಳ್ಳ ವಿದ್ಯುತ್ ಹರಿಸಲು ಹಿಂಜರಿದಾನು.