ಯಾರಿಗೆ ಕೈ ಎತ್ತುತ್ತೇವೆ?

ಹೋದ ದೀಪಾವಳಿಯ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆವು. ಬಿಸಿಬೇಳೆಭಾತು ಇನ್ನೂ ನಾಲ್ಕು ತಲೆಗಳ ಆಚೆ ಇತ್ತು. ಆಗ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಅಲ್ಲಪ್ಪಾ, ಸೈಕಲ್ಲು ತುಳಿಯೋ ಕಷ್ಟ ಮಗನಿಗೆ ತಪ್ಪಲಿ ಅಂತ ನಿಮ್ಮಪ್ಪ ಸಾಲ ಮಾಡಿ ಓದಿಸಿದ್ರು. ಸಮುದ್ರ ದಾಟಿ ಬಂದು ಮತ್ತೆ ಅದನ್ನೇ ತುಳೀತಿದ್ದೀರಲ್ಲ, ಏನು ಬಂತು ಹೇಳಿ?" ಸುತ್ತಲಿದ್ದವರು ನಕ್ಕರು, ನಾವೂ ನಕ್ಕೆವು. ಆದರೆ ಆ ಮಾತು ಮನೆಯವರೆಗೂ ನಮ್ಮ ಜೊತೆಗೇ ಬಂತು. ಈ ಬರಹ ಅವರಿಗೆ ಕೊಡಬೇಕೆಂದಿದ್ದ ಉತ್ತರ. ಬರೆಯುತ್ತ ಹೋದಂತೆ ಅದು ಬೇರೆಯೇ ಒಂದು ಪ್ರಶ್ನೆಯಾಗಿಬಿಟ್ಟಿದೆ; ಓದುಗ ಮಿತ್ರರು ಕ್ಷಮಿಸಬೇಕು.

ನಾವೆಂದರೆ ಐದು ಜನ. ಮೂವರು ಷಿಕಾಗೊದ ಪಶ್ಚಿಮದ ಉಪನಗರಗಳಲ್ಲಿದ್ದೇವೆ, ಇಬ್ಬರು ಡೆಟ್ರಾಯಿಟ್ ಪಕ್ಕದ ಲಿವೋನಿಯಾ, ಕ್ಯಾಂಟನ್ ಕಡೆಯಲ್ಲಿದ್ದಾರೆ. ನಮ್ಮಲ್ಲಿ ಯಾರೂ ರೇಸಿನವರಲ್ಲ. ಹೊಟ್ಟೆಯೇ ಅದಕ್ಕೆ ಸಾಕ್ಷಿ. ರೈಲು ನಿಲ್ದಾಣಕ್ಕೆ, ಲೈಬ್ರರಿಗೆ, ಕೊತ್ತಂಬರಿ ಸೊಪ್ಪಿಗೆ ಎಂದು ಸೈಕಲ್ಲಿನಲ್ಲಿ ಹೋಗಿ ಬರುವವರು. ಭಾನುವಾರ ಸಂಜೆ ಫೋನಿನಲ್ಲಿ ಒಟ್ಟಿಗೆ ಸೇರಿ ಆ ವಾರ ಯಾರ ಟೈರು ತೂತಾಯಿತು, ಯಾರ ಮೇಲೆ ಯಾವ ಕಾರಿನವನು ಹಾರನ್ ಹೊಡೆದ ಎಂದು ಹರಟುತ್ತೇವೆ. ಮನೆಯವರು ಇದಕ್ಕೆ 'ಪಂಚರ್ ಪುರಾಣ' ಎಂದು ಹೆಸರಿಟ್ಟಿದ್ದಾರೆ.

ಹಿರಿಯರಿಗೆ ನಾವು ಹೇಳಬೇಕೆಂದಿದ್ದ ಉತ್ತರ ಇಷ್ಟು: ಸೈಕಲ್ಲಿನ ಮೇಲೆ ನಮಗೆ ಜನ ಸಿಕ್ಕರು. ಇಪ್ಪತ್ತು ವರ್ಷ ಕಾರಿನಲ್ಲಿ ಓಡಾಡಿದ ರಸ್ತೆಯಲ್ಲಿ ಒಬ್ಬರ ಮುಖವೂ ನಮಗೆ ಗೊತ್ತಿರಲಿಲ್ಲ. ಸೈಕಲ್ ಹತ್ತಿದ ಎರಡನೆಯ ದಿನವೇ ಎದುರಿನಿಂದ ಬಂದವನೊಬ್ಬ ಹ್ಯಾಂಡಲ್ಲಿನಿಂದ ನಾಲ್ಕು ಬೆರಳು ಎತ್ತಿದ. ನಾವು ಬೆಚ್ಚಿ ಹಿಂದೆ ನೋಡಿದೆವು, ಬೇರೆ ಯಾರಿಗೋ ಇರಬೇಕೆಂದು. ನಮಗೇ ಆಗಿತ್ತು. ಚಳಿ ಹೆಚ್ಚಾದಂತೆ ಈ ವಂದನೆ ಗಾಢವಾಗುತ್ತದೆ. ಜುಲೈನಲ್ಲಿ ಬೆರಳೆತ್ತುವವನು ಜನವರಿಯಲ್ಲಿ ಇಡೀ ಕೈಯನ್ನೇ ಎತ್ತುತ್ತಾನೆ. ಇಬ್ಬರಿಗೂ ಮೂಗಿನ ತುದಿ ಇದೆಯೋ ಇಲ್ಲವೋ ತಿಳಿಯದ ಹೊತ್ತು ಅದು.

ಇಲಿನಾಯ್ ಪ್ರೇರೀ ಪಾಥ್ ಎಂಬ ದಾರಿಯನ್ನು ನಮ್ಮ ಕೂಟದ ಅನೇಕರು ನೋಡಿರಬಹುದು. ಷಿಕಾಗೊದಿಂದ ಅರೋರಾ, ಎಲ್ಜಿನ್‌ಗಳಿಗೆ ಓಡುತ್ತಿದ್ದ ವಿದ್ಯುತ್ ರೈಲು 1957ರಲ್ಲಿ ಪ್ರಯಾಣಿಕರನ್ನು ಒಯ್ಯುವುದನ್ನು ನಿಲ್ಲಿಸಿತು. ಬರಿದಾದ ಆ ಹಾದಿಯನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಡಿ ಎಂದು ಮೇ ವಾಟ್ಸ್ ಎಂಬ ಪ್ರಕೃತಿತಜ್ಞೆ 1963ರಲ್ಲಿ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಗೆ ಒಂದು ಕಾಗದ ಬರೆದರು. ಒಂದು ಕಾಗದದಿಂದ ಒಂದು ದಾರಿ! ಆ ದಾರಿಯಲ್ಲೇ, ವೀಟನ್ ದಾಟಿದ ಮೇಲೆ, ನಮ್ಮಲ್ಲೊಬ್ಬರ ಟೈರು ಇಳಿಯಿತು. ತಲೆ ನರೆತ ಹೆಂಗಸೊಬ್ಬರು ನಿಂತು ತಮ್ಮ ಚೀಲದಿಂದ ಹೊಸ ಟ್ಯೂಬ್ ತೆಗೆದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. "ನನಗೆ ಹಿಂತಿರುಗಿಸಬೇಡಿ, ಮುಂದೆ ಯಾರಾದರೂ ನಿಂತಿದ್ದರೆ ಅವರಿಗೆ ಕೊಡಿ" ಎಂದು ಹೊರಟುಹೋದರು. ಪಿತೃಋಣದ ಲೆಕ್ಕವೂ ಹೀಗೆಯೇ ಅಲ್ಲವೇ? ತಂದೆಯಿಂದ ಪಡೆದದ್ದನ್ನು ತಂದೆಗೆ ತೀರಿಸಲಾಗುವುದಿಲ್ಲ, ಮಕ್ಕಳಿಗೆ ತೀರಿಸಬೇಕು. ಆಮೇಲೆ ನಾವೂ ನಾಲ್ಕು ಟ್ಯೂಬ್ ಕೊಟ್ಟಿದ್ದೇವೆ. ನಮ್ಮ ಸಂಸ್ಕೃತಿ ಈ ದೇಶದ ರಸ್ತೆಯಲ್ಲೇ ಸಿಕ್ಕಿತು ಎಂದು ಭಾನುವಾರದ ಫೋನಿನಲ್ಲಿ ಬೀಗಿದ್ದೂ ಉಂಟು.

ಈ ಸಖ್ಯ ಎಲ್ಲಿಂದ ಬರುತ್ತದೆ? ಸೈಕಲ್ಲಿನವರು ಹುಟ್ಟಿನಿಂದಲೇ ಒಳ್ಳೆಯವರೆಂದು ನಾವು ನಂಬುವುದಿಲ್ಲ. ಅದೇ ನಾವು ಮರುದಿನ ಮಳೆಯೆಂದು ಕಾರು ಹತ್ತಿದರೆ ಮುಂದೆ ಹೋಗುವ ಸೈಕಲ್ಲಿನವನನ್ನು ನೋಡಿ ಗೊಣಗುತ್ತೇವೆ. ಗಾಜು ಏರಿಸಿದೊಡನೆ ಮನುಷ್ಯ ಬದಲಾಗುತ್ತಾನೆ. ಸೈಕಲ್ಲಿನ ಮೇಲೆ ಮೈ ಬಯಲಲ್ಲಿರುತ್ತದೆ, ಪಕ್ಕದವನ ಮೈಯೂ ಬಯಲಲ್ಲಿರುತ್ತದೆ, ಬಿದ್ದರೆ ಇಬ್ಬರಿಗೂ ಒಂದೇ ಟಾರು. ಸೈಕಲ್ಲಿನವನನ್ನು ಹಿಂದೆ ಹಾಕುವಾಗ ಮೂರು ಅಡಿ ಜಾಗ ಬಿಡಬೇಕೆಂಬ ಕಾನೂನು ಇಲಿನಾಯ್‌ನಲ್ಲಿ 2008ರಿಂದ, ಮಿಷಿಗನ್‌ನಲ್ಲಿ 2018ರಿಂದ ಇದೆ. ನಮ್ಮೂರ ಲೆಕ್ಕದಲ್ಲಿ ಎರಡು ಮೊಳ. ಆ ಎರಡು ಮೊಳದ ಬೆಲೆ ಏನೆಂದು ಗೊತ್ತಿರುವವರೇ ಒಬ್ಬರಿಗೊಬ್ಬರು ಕೈ ಎತ್ತುತ್ತಾರೆ ಎಂದು ನಾವು ಅಂದುಕೊಂಡಿದ್ದೆವು.

ಡೆಟ್ರಾಯಿಟಿನ ಮಿತ್ರರಿಗೆ ಇದರಲ್ಲಿ ಇನ್ನೂ ತಮಾಷೆ. ಕಾರು ಕಂಪನಿಯ ಸಂಬಳದಲ್ಲಿ ಸೈಕಲ್ ಕೊಂಡವರು ಅವರು. ಆದರೆ ಕಾರಿಗೆ ತವರುಮನೆಯೇ ಸೈಕಲ್ಲು ಎಂದು ಅವರ ವಾದ. 1896ರ ಜೂನ್ 4ರ ನಸುಕಿನಲ್ಲಿ ಹೆನ್ರಿ ಫೋರ್ಡ್ ಬ್ಯಾಗ್ಲಿ ಅವೆನ್ಯೂವಿನ ಶೆಡ್ಡಿನಲ್ಲಿ ಕಟ್ಟಿದ ಮೊದಲ ಗಾಡಿಗೆ ಇದ್ದದ್ದು ಸೈಕಲ್ಲಿನಂಥ ನಾಲ್ಕು ಚಕ್ರ. ಬಾಗಿಲು ಸಾಲದೆ ಗೋಡೆಯ ಇಟ್ಟಿಗೆ ಒಡೆದು ಅದನ್ನು ಹೊರಗೆ ತಂದರು. ಜನರನ್ನು ಎಚ್ಚರಿಸಲು ಗಾಡಿಯ ಮುಂದೆ ಹೋದವನು ಯಾರೆಂದಿರಿ? ಸೈಕಲ್ ಮೇಲೆ ಕುಳಿತ ಅವರ ಸಹಾಯಕ. ಇನ್ನು ರಸ್ತೆಯ ನಡುವೆ ಗೆರೆ ಎಳೆಯುವ ಪದ್ಧತಿಯನ್ನು 1911ರಲ್ಲಿ ವೇಯ್ನ್ ಕೌಂಟಿಯಲ್ಲಿ ತಂದ ಎಡ್ವರ್ಡ್ ಹೈನ್ಸ್ ಕೂಡ ಸೈಕಲ್ಲಿನವರೇ, ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ ಎಂಬ ಸೈಕಲ್ ಸಂಘದ ಮುಂದಾಳು. ಡಿಯರ್‌ಬಾರ್ನ್‌ನಿಂದ ನಾರ್ತ್‌ವಿಲ್‌ವರೆಗೆ ಹೊಳೆಯ ಪಕ್ಕದಲ್ಲಿ ಸಾಗುವ ಹೈನ್ಸ್ ಡ್ರೈವ್‌ಗೆ ಅವರದೇ ಹೆಸರು. ನಮ್ಮ ಮಿಷಿಗನ್ ಮಿತ್ರರು ತುಳಿಯುವುದೂ ಅಲ್ಲೇ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಈಗ ಹೇಳಲು ಕಷ್ಟವಾದ ಭಾಗ.

ನವೆಂಬರಿನ ಒಂದು ಸಂಜೆ, ಐದೂವರೆಗೇ ಕತ್ತಲಾಗಿತ್ತು, ತುಂತುರು ಮಳೆ ಬೇರೆ. ನಾವಿಬ್ಬರು ರೈಲಿಳಿದು ಮನೆಯ ಕಡೆ ಹೊರಟಿದ್ದೆವು. ದೊಡ್ಡ ರಸ್ತೆಯ ಪಕ್ಕದ ಕಾಲುದಾರಿಯಲ್ಲಿ ಒಬ್ಬ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ದೀಪವಿಲ್ಲ, ಹೆಲ್ಮೆಟ್ ಇಲ್ಲ; ಜಾಕೆಟ್ಟಿನ ಕೆಳಗೆ ಹೋಟೆಲ್ ಅಡುಗೆಮನೆಯ ಬಿಳಿ ಏಪ್ರನ್ ಇಣುಕುತ್ತಿತ್ತು. ಹಿಂದಿನ ಚಕ್ರ ಪೂರ್ತಿ ಇಳಿದಿತ್ತು. ನಾವು ಹೋಗಿಬಿಟ್ಟೆವು. ನಿಲ್ಲಲಿಲ್ಲ, ಕೈಯನ್ನೂ ಎತ್ತಲಿಲ್ಲ. ಚೀಲದಲ್ಲಿ ಟ್ಯೂಬ್ ಇತ್ತು, ಪಂಪ್ ಇತ್ತು, ಪ್ಯಾಚ್ ಇತ್ತು. ಅರ್ಧ ಮೈಲಿ ಆಚೆ ಸಿಗ್ನಲ್ಲಿನಲ್ಲಿ ನಿಂತಾಗ, ಹೊಳೆಯುವ ಹಳದಿ ಕೋಟಿನ ಇನ್ನೊಬ್ಬ ಎದುರಾದ. ನಮ್ಮಿಬ್ಬರ ಕೈಯೂ ತಾನಾಗಿ ಮೇಲೆದ್ದಿತು. ಆಗ ನಮ್ಮಲ್ಲೊಬ್ಬರು ಮೆಲ್ಲಗೆ ಅಂದರು: "ಅವನಿಗೆ ಯಾಕೆ ಎತ್ತಲಿಲ್ಲ?"

ಭಾನುವಾರದ ಫೋನಿನಲ್ಲಿ ಇದು ಎರಡು ಗಂಟೆ ಓಡಿತು. ಕತ್ತಲು, ಮಳೆ, ಅಪರಿಚಿತ ಎಂದೆಲ್ಲ ಕಾರಣ ಹೇಳಿದೆವು. ಆದರೆ ಹಳದಿ ಕೋಟಿನವನೂ ಅಪರಿಚಿತನೇ, ಅವನ ಮೇಲೂ ಅದೇ ಕತ್ತಲು, ಅದೇ ಮಳೆ. ಸತ್ಯವೆಂದರೆ ನಮ್ಮ ಕಣ್ಣಿಗೆ ಆತ ಸೈಕಲ್ಲಿನವನಾಗಿ ಕಾಣಲೇ ಇಲ್ಲ. ಕಾರಿಲ್ಲದ ಬಡವನಾಗಿ ಕಂಡ. ನಾವು ಬೇಕೆಂದು ತುಳಿಯುವವರು, ಆತ ಬೇರೆ ದಾರಿಯಿಲ್ಲದೆ ತುಳಿಯುವವನು. ನಮ್ಮ ಅಪ್ಪಂದಿರು ತುಳಿದದ್ದೂ ಬೇರೆ ದಾರಿಯಿಲ್ಲದೆ ತಾನೇ? ಡೈನಮೋ ಕೆಟ್ಟರೆ ಪೋಲೀಸಿನವನಿಗೆ ಹೆದರಿ ಇಳಿದು ತಳ್ಳಿಕೊಂಡು ಬರುತ್ತಿದ್ದರು. ಅವರ ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ಕ್ಯಾರಿಯರಿನಲ್ಲಿ ಊಟದ ಡಬ್ಬಿ. ಆ ಸಂಜೆ ಕಾಲುದಾರಿಯಲ್ಲಿ ತಳ್ಳಿಕೊಂಡು ಬಂದವನನ್ನು ನಾವು ಗುರುತಿಸಬೇಕಾಗಿತ್ತು. ಬೇರೆಯವರಿಗಿಂತ ಮೊದಲೇ ಗುರುತಿಸಬೇಕಾಗಿತ್ತು.

ನಮ್ಮಲ್ಲಿ ಒಬ್ಬರು ಇದನ್ನು ಒಪ್ಪಲಿಲ್ಲ. ಅವರ ವಾದವನ್ನೂ ಬರೆಯುವುದು ನ್ಯಾಯ. ಸ್ನೇಹ ಬೇರೆ, ಕರುಣೆ ಬೇರೆ ಎನ್ನುತ್ತಾರೆ ಅವರು. ಸ್ನೇಹ ಒಂದೇ ಅಭಿರುಚಿಯವರ ನಡುವೆ ಹುಟ್ಟುವುದು. ಕನ್ನಡ ಕೂಟದಲ್ಲಿ ಕನ್ನಡದವರು ಸೇರುವಂತೆ. ಕಂಡವರಿಗೆಲ್ಲ ಕೈ ಎತ್ತಿದರೆ ಆ ಕೈಗೆ ಅರ್ಥವೇ ಇರುವುದಿಲ್ಲ. ಕಷ್ಟದಲ್ಲಿರುವವನಿಗೆ ಸಹಾಯ ಮಾಡಿ, ಆದರೆ ಅದನ್ನು ಸಖ್ಯವೆಂದು ಕರೆಯಬೇಡಿ. ಮಾತಿನಲ್ಲಿ ತೂಕವಿದೆ. ಅದಕ್ಕೆ ತಕ್ಷಣ ಉತ್ತರ ಹೊಳೆಯದೆ ನಾವು ಹುಡುಕುತ್ತ ಹೋದಾಗ ಸಿಕ್ಕಿದ್ದು ಮೇಜರ್ ಟೇಲರ್ ಎಂಬುವರ ಕಥೆ.

ಮಾರ್ಷಲ್ ಟೇಲರ್ 1878ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಕಪ್ಪು ಜನಾಂಗದವರು. 'ಮೇಜರ್' ಎಂಬುದು ಹುಡುಗತನದಲ್ಲಿ ಬಂದ ಅಡ್ಡಹೆಸರು. 1899ರಲ್ಲಿ ಮಾಂಟ್ರಿಯಲ್‌ನಲ್ಲಿ ಒಂದು ಮೈಲಿ ಓಟದಲ್ಲಿ ವಿಶ್ವಚಾಂಪಿಯನ್ ಆದರು. ಆದರೆ ಅದಕ್ಕೆ ಐದು ವರ್ಷ ಮೊದಲೇ, 1894ರಲ್ಲಿ, ಸೈಕಲ್ಲಿನವರೆಲ್ಲರ ಸೋದರತ್ವದ ಮಾತಾಡುತ್ತಿದ್ದ ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ ಬಿಳಿಯರಲ್ಲದವರಿಗೆ ಸದಸ್ಯತ್ವವಿಲ್ಲವೆಂದು ನಿಯಮ ಮಾಡಿತ್ತು. ಹೌದು, ನಮ್ಮ ಹೈನ್ಸ್ ಅವರದೇ ಸಂಘ. ಊರೂರಿಗೆ ಒಳ್ಳೆಯ ರಸ್ತೆ ಬೇಕೆಂದು ಹೋರಾಡಿದವರು, ಆ ರಸ್ತೆಯ ಮೇಲೆ ಅತಿ ವೇಗವಾಗಿ ಓಡಬಲ್ಲವನನ್ನು ತಮ್ಮವನೆನ್ನಲಿಲ್ಲ. ಟೇಲರ್ ಕೈಲಿದ್ದ ಹಣವೆಲ್ಲ ಹೋಗಿ, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಆತ್ಮಕಥೆಯನ್ನು ಮನೆಮನೆಗೆ ಹೋಗಿ ಮಾರುತ್ತಿದ್ದರು. ಷಿಕಾಗೊಕ್ಕೆ ಬಂದು ವೈ.ಎಂ.ಸಿ.ಎ. ಕೋಣೆಯಲ್ಲಿದ್ದರು. 1932ರ ಜೂನ್‌ನಲ್ಲಿ ಕುಕ್ ಕೌಂಟಿ ಆಸ್ಪತ್ರೆಯ ಧರ್ಮಾರ್ಥ ವಾರ್ಡಿನಲ್ಲಿ ತೀರಿಕೊಂಡರು. ಮೌಂಟ್ ಗ್ಲೆನ್‌ವುಡ್ ಸ್ಮಶಾನದಲ್ಲಿ ಹೆಸರಿಲ್ಲದ ಗೋರಿಯಲ್ಲಿ ಹೂಳಲಾಯಿತು.

1948ರಲ್ಲಿ ಕೆಲವು ಹಳೆಯ ಸೈಕಲ್ ಓಟಗಾರರು ಒಟ್ಟುಗೂಡಿ, ಷಿಕಾಗೊದಲ್ಲೇ ಸೈಕಲ್ ತಯಾರಿಸುತ್ತಿದ್ದ ಫ್ರಾಂಕ್ ಷ್ವಿನ್ ಅವರ ಹಣದಿಂದ, ಅವರನ್ನು ಅಲ್ಲಿಂದ ತೆಗೆದು ಅದೇ ಸ್ಮಶಾನದ ಒಳ್ಳೆಯ ಜಾಗದಲ್ಲಿ ಹೆಸರು ಬರೆಸಿ ಮತ್ತೆ ಮಣ್ಣು ಮಾಡಿದರು. ಹದಿನಾರು ವರ್ಷ ತಡವಾಗಿ ಎತ್ತಿದ ಕೈ ಅದು. ಲೀಗ್ ತನ್ನ ಆ ಹಳೆಯ ನಿಯಮವನ್ನು ವಿಧಿವತ್ತಾಗಿ ತೆಗೆದುಹಾಕಿದ್ದು 1999ರಲ್ಲಿ. ಈಗ ಷಿಕಾಗೊದ ದಕ್ಷಿಣ ಭಾಗದಲ್ಲಿ ಅವರ ಹೆಸರಿನ ಸೈಕಲ್ ದಾರಿಯೇ ಇದೆ.

ಒಪ್ಪದ ಮಿತ್ರರಿಗೆ ನಾವು ಕೇಳಿದ್ದು ಇದನ್ನೇ: 1894ರ ಆ ಸದಸ್ಯರೂ ತಮ್ಮದು ಒಂದೇ ಅಭಿರುಚಿಯವರ ಸ್ನೇಹವೆಂದೇ ಹೇಳುತ್ತಿರಲಿಲ್ಲವೇ? ಕನ್ನಡ ಕೂಟಕ್ಕೆ ಭಾಷೆಯೇ ಗಡಿ, ಸರಿ. ರಸ್ತೆಯ ಸಖ್ಯಕ್ಕೆ ಗಡಿ ಯಾವುದು? ಬಟ್ಟೆಯೇ, ಸೈಕಲ್ಲಿನ ಬೆಲೆಯೇ? ಕಾರು ಬಡಿದು ಸತ್ತವರ ಜಾಗದಲ್ಲಿ ಬಿಳಿ ಬಣ್ಣ ಬಳಿದ ಸೈಕಲ್ಲನ್ನು ಕಂಬಕ್ಕೆ ಕಟ್ಟಿ ನಿಲ್ಲಿಸುವುದನ್ನು ನೀವೂ ಕಂಡಿರಬಹುದು. ಸೇಂಟ್ ಲೂಯಿಸ್‌ನಲ್ಲಿ 2003ರಲ್ಲಿ ಶುರುವಾದ ಪದ್ಧತಿ ಅದು. ಕಂಬಕ್ಕೆ ಕಟ್ಟಿದ ಸೈಕಲ್ಲನ್ನು ನೋಡಿ, ತುಳಿಯುತ್ತಿದ್ದವನು ಬೇಕೆಂದು ತುಳಿದನೋ ಬೇರೆ ದಾರಿಯಿಲ್ಲದೆ ತುಳಿದನೋ ಹೇಳಲಾಗುವುದಿಲ್ಲ.

ಡೆಟ್ರಾಯಿಟಿನವರು ಇನ್ನೊಂದು ಸಾಕ್ಷಿ ಕೊಟ್ಟರು. ಅಲ್ಲಿ 2010ರಲ್ಲಿ ಇಬ್ಬರು ಗೆಳೆಯರು ಶುರುಮಾಡಿದ 'ಸ್ಲೋ ರೋಲ್' ಎಂಬ ಸೋಮವಾರ ಸಂಜೆಯ ಸವಾರಿ ಸಾವಿರಾರು ಜನರದಾಗಿ ಬೆಳೆಯಿತು. ನಮ್ಮವರು ಒಮ್ಮೆ ಹೋಗಿದ್ದಾಗ ಪಕ್ಕದಲ್ಲೇ ಒಬ್ಬಾಕೆ ತುಕ್ಕು ಹಿಡಿದ ಸೈಕಲ್ಲಿನ ಬುಟ್ಟಿಯಲ್ಲಿ ರೇಡಿಯೋ ಇಟ್ಟುಕೊಂಡು ಬರುತ್ತಿದ್ದರಂತೆ, ಇನ್ನೊಂದು ಪಕ್ಕದಲ್ಲಿ ಎರಡು ತಿಂಗಳ ಸಂಬಳದ ಸೈಕಲ್ಲಿನವನು. ಎಲ್ಲರೂ ನಿಧಾನ, ಹಿಂದೆ ಬಿದ್ದವರಿಗಾಗಿ ಮುಂದಿನವರು ಕಾಯುತ್ತಾರೆ. ಒಪ್ಪದ ಮಿತ್ರರು "ಅದು ಮೆರವಣಿಗೆ, ನಾನು ಹೇಳಿದ್ದು ದಿನನಿತ್ಯದ ಮಾತು" ಎಂದರು. ಆ ವಾದ ಇನ್ನೂ ಮುಗಿದಿಲ್ಲ.

ಡಿಸೆಂಬರಿನಲ್ಲಿ ಏಪ್ರನ್ನಿನವನು ಮತ್ತೆ ಸಿಕ್ಕ. ಅದೇ ರಸ್ತೆ, ಈ ಸಲ ಮುಂದಿನ ಚಕ್ರ ಇಳಿದಿತ್ತು. ನಾವು ನಿಂತೆವು. ದೊಡ್ಡಸ್ತಿಕೆ ಬೇಡವೆಂದುಕೊಂಡೇ ಒಂದು ಪುಟ್ಟ ದೀಪವನ್ನೂ ಕೊಡಲು ಹೋದೆವು. ಆತ ಅನುಮಾನದಿಂದ "ಎಷ್ಟು?" ಎಂದ. ದುಡ್ಡು ಬೇಡವೆಂದಾಗ ಅನುಮಾನ ಇನ್ನೂ ಹೆಚ್ಚಾಯಿತು. ಜೇಬಿನಿಂದ ತನ್ನದೇ ದೀಪ ತೆಗೆದು ತೋರಿಸಿದ. ಬ್ಯಾಟರಿ ಮುಗಿದಿತ್ತು, ಅಷ್ಟೆ. ಟೈರು ಬಿಚ್ಚಲು ನಾವು ನಮ್ಮ ಪ್ಲಾಸ್ಟಿಕ್ ಲಿವರ್ ಹಾಕಿದೆವು. ಚಳಿಗೆ ಸೆಟೆದಿದ್ದ ಅದು ಪಟ್ಟೆಂದು ಮುರಿಯಿತು. ಎರಡನೆಯದೂ ಮುರಿಯಿತು. ಆತ ನಮ್ಮನ್ನು ಒಂದು ಗಳಿಗೆ ನೋಡಿ, ಏಪ್ರನ್ನಿನ ಜೇಬಿನಿಂದ ಎರಡು ಸ್ಟೀಲ್ ಚಮಚ ತೆಗೆದ. ನಮ್ಮೂರ ಪಂಚರ್ ಅಂಗಡಿಯವನ ಹಾಗೆ, ನೋಡನೋಡುತ್ತಿದ್ದಂತೆ ಟೈರನ್ನು ರಿಮ್ಮಿನಿಂದ ಬಿಡಿಸಿ ಕೈಗೆ ಕೊಟ್ಟ. ಟ್ಯೂಬ್ ನಮ್ಮದು, ಚಮಚ ಅವನದು. ಗಾಳಿ ಹೊಡೆಯುವ ಸರದಿ ನಮ್ಮದಾಯಿತು. ಹೊಡೆಯುತ್ತಿದ್ದಾಗ ಆತ ನಮ್ಮ ಚೈನಿಗೆ ಬೆರಳು ಒತ್ತಿ ನೋಡಿ, ಎಣ್ಣೆ ಹಾಕಿ ಎಷ್ಟು ದಿನವಾಯಿತೆಂದು ಕೇಳಿದ.