ಒಂದೇ ಅಳತೆಯೂ ನ್ಯಾಯದ ಅಳತೆಯೂ

ಎಲ್ಲರಿಗೂ ಒಂದೇ ಅಳತೆಯಿಂದ ಕೊಡುವದೇ ನ್ಯಾಯವೆಂದು ಅನೇಕರು ಎಣಿಸುತ್ತಾರೆ. ಸಂತೆಯಲ್ಲಿ ಜೋಳ ಅಳೆಯುವಾಗ ಈ ಮಾತು ಸತ್ಯವೇ. ಬಡವನಿಗೊಂದು ಸೇರು, ಧನಿಕನಿಗೊಂದು ಸೇರು ಇರಕೂಡದು. ಆದರೆ ವಿದ್ಯೆ, ಉದ್ಯೋಗ ಮೊದಲಾದವುಗಳನ್ನು ಹಂಚುವಾಗಲೂ ಆ ಒಂದೇ ಸೇರು ಸಾಕೋ ಎಂಬದನ್ನು ನಾವು ತುಸು ವಿಚಾರಿಸೋಣ.

ನಮ್ಮ ನೆರೆಯ ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲಿ ತಮ್ಮ ಸಂಸ್ಥಾನದಲ್ಲಿ ಖಾಲಿಯಾಗುವ ಹುದ್ದೆಗಳೊಳಗೆ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಇದು ಪಕ್ಷಪಾತವೆಂದು ಆಕ್ಷೇಪಿಸಿದ ವಕೀಲನೊಬ್ಬನನ್ನು ಮಹಾರಾಜರು ಲಾಯಕ್ಕೆ ಕರೆದೊಯ್ದು, ಎಲ್ಲಾ ಕುದುರೆಗಳ ಕಡಲೆಯನ್ನು ಒಂದೇ ಕಡೆ ಸುರಿಸಿ, ಅವುಗಳನ್ನು ಬಿಡಿಸಿದರೆಂದು ಕಥೆಯುಂಟು. ಬಲವಾದವು ತಿಂದವು, ಮುದಿಯವೂ ಮರಿಗಳೂ ಹಿಂದೆ ನಿಂತವು. ಯಾವ ಕುದುರೆಯನ್ನೂ ಯಾರೂ ತಡೆದಿರಲಿಲ್ಲ.

ಈಗ ಬೆಳಗಾವಿ ನಗರದ ಬಾಲಕನನ್ನೂ ಖಾನಾಪುರದ ಕಾಡಿನ ಬಾಲಕಿಯನ್ನೂ ನೋಡಿರಿ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ, ಹಾಗಿರುವದೇ ಸರಿ. ಆದರೆ ಅವನಿಗೆ ಹೈಸ್ಕೂಲು ಓಣಿಯ ಕೊನೆಯಲ್ಲಿ. ಅವಳಿಗೆ ಅಡವಿಯ ಆಚೆ, ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲ. ಪ್ರಶ್ನೆಪತ್ರಿಕೆ ಒಂದೇ ಆಗಿರುವದು ಸಮಾನತೆ. ಆ ಪರೀಕ್ಷೆಯ ವರೆಗೆ ಅವಳು ಬಂದು ಮುಟ್ಟುವಂತೆ ವಸತಿಗೃಹವನ್ನೂ ವಿದ್ಯಾರ್ಥಿವೇತನವನ್ನೂ ಕೊಡುವದು ನ್ಯಾಯ.

ಖಾನಾಪುರ ತಾಲೂಕಿನಲ್ಲಿ ವಾಸಿಸುವ ಸಿದ್ದಿ ಜನರ ಸಂಗತಿಯು ಇದಕ್ಕಿಂತ ತೊಡಕಿನದು. ಇವರ ಪೂರ್ವಿಕರು ಆಫ್ರಿಕಾ ಖಂಡದವರು. ಅನೇಕರನ್ನು ಪೋರ್ತುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡನ್ನು ಸೇರಿದರು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. 2003ರಲ್ಲಿ ಪಾರ್ಲಿಮೆಂಟು ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿತು. ಆದರೆ ಉತ್ತರ ಕನ್ನಡ ಜಿಲ್ಲೆಯವರನ್ನು ಮಾತ್ರ. ಹಳಿಯಾಳದ ಸಿದ್ದಿಗೆ ದೊರೆತದ್ದು ಪಕ್ಕದ ಖಾನಾಪುರದ ಸಿದ್ದಿಗೆ ದೊರೆಯಲಿಲ್ಲ. ಒಂದೇ ಕುಲ, ಒಂದೇ ಬಡತನ, ಒಂದೇ ಅಡವಿ. ನಡುವೆ ಜಿಲ್ಲೆಯ ಗಡಿ! ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಪಟ್ಟಿಗೆ ಸೇರಿದ್ದು 2020ರಲ್ಲಿ. 2003ರಲ್ಲಿ ಖಾನಾಪುರದಲ್ಲಿ ಹುಟ್ಟಿದ ಸಿದ್ದಿ ಕೂಸಿಗೆ ಅಷ್ಟರಲ್ಲಿ 17 ವರುಷ. ಶಾಲೆಯ ಕಾಲವೇ ಕಳೆದಿತ್ತು.

ಇದರಿಂದ ತಿಳಿಯುವದೇನಂದರೆ, ನ್ಯಾಯಕ್ಕಾಗಿ ಬೇರೆ ಅಳತೆಯನ್ನು ಹಿಡಿದವನು ಸಮಾನತೆಯನ್ನು ಬಿಟ್ಟುಬಿಡಲಾರನು. ಕೊರತೆ ಒಂದೇ ಆಗಿರುವವರಿಗೆ ಆ ಬೇರೆ ಅಳತೆಯೂ ಒಂದೇ ಆಗಿರಬೇಕು. ಜಿಲ್ಲೆಯ ಗಡಿಯು ಕಚೇರಿಯ ಕೆಲಸಕ್ಕೆ ಹಾಕಿದ್ದೇ ಹೊರತು ಜನರ ಕೊರತೆಯನ್ನು ನೋಡಿ ಹಾಕಿದ್ದಲ್ಲ.

ಇಲ್ಲಿ ನೆರೆಯ ಬಡ ರೈತನು, “ನನ್ನ ಮಗಳೂ ಅದೇ ಹಳ್ಳವನ್ನು ದಾಟುತ್ತಾಳಲ್ಲಾ, ಅವಳಿಗೇನು?” ಎಂದು ಕೇಳಬಹುದು. ಈ ಪ್ರಶ್ನೆಯನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವದು ನಮಗೆ ಸರಿಗಾಣದು. ಹಳ್ಳದ ಸೇತುವೆಯು ಎಲ್ಲರಿಗೂ ಸಲ್ಲತಕ್ಕದ್ದು. ಅದಕ್ಕೆ ಕುಲವನ್ನು ಕೇಳಬಾರದು. ಆದರೆ ಸಿದ್ದಿ ಬಾಲಕಿಯು ಹಳ್ಳ ದಾಟಿದ ಮೇಲೂ ಅವಳ ಕೂದಲನ್ನೂ ಬಣ್ಣವನ್ನೂ ನೋಡಿ, ನೀನು ಯಾವ ದೇಶದವಳೆಂದು ಕೇಳುವವರುಂಟು. ಆ ಭಾರವನ್ನು ರೈತನ ಮಗಳು ಹೊರುವದಿಲ್ಲ.

ಇನ್ನೊಂದು ಮಾತು ಉಳಿದಿದೆ. 2020ರ ಅದೇ ಕಾನೂನು ತಳವಾರ, ಪರಿವಾರ ಎಂಬ ಹೆಸರಿನವರನ್ನು ನಾಯಕ ಪಂಗಡದೊಂದಿಗೆ ಎಣಿಸಿತು. ನಾಯಕರು ಈ ರಾಜ್ಯದ ಪರಿಶಿಷ್ಟ ಪಂಗಡಗಳೊಳಗೆ ಎಲ್ಲರಿಗಿಂತ ಹೆಚ್ಚು ಸಂಖ್ಯೆಯವರು. ಅವರಿಗೂ ಹಕ್ಕುಂಟು, ಸಂದೇಹವಿಲ್ಲ. ಸಿದ್ದಿಗಳೋ ಬಹು ಸ್ವಲ್ಪ ಜನ. ಹೀಗೆ ಮೀಸಲಿನ ಲಾಯದೊಳಗೂ ಬಲವಾದವುಗಳೂ ಮರಿಗಳೂ ಒಂದೇ ಕಡೆ ನಿಂತಿವೆ. ಪರಿಶಿಷ್ಟ ಜಾತಿಗಳೊಳಗೆ ಹೆಚ್ಚು ಹಿಂದುಳಿದವರಿಗೆ ಬೇರೆ ಪಾಲು ಮಾಡಲು ರಾಜ್ಯಗಳಿಗೆ ಅಧಿಕಾರವುಂಟೆಂದು 2024ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಪಂಗಡಗಳ ಪಟ್ಟಿಯಲ್ಲಿಯೂ ಹಾಗೆಯೇ ಆಗಬೇಕೆಂಬದು ನಮ್ಮ ಅಭಿಪ್ರಾಯ. ಆದರೆ ಆ ಪಾಲನ್ನು ತಲೆಯೆಣಿಕೆಯಿಂದ ಮಾತ್ರ ಗೊತ್ತುಮಾಡಿದರೆ ಸಿದ್ದಿಗಳ ಕೈಗೆ ಬರುವದು ಒಂದೋ ಎರಡೋ ಕಾಳು.